ಏಳು ಟಿಬಿ ಫೈಲು, ಎಂಟು ಡಿಸೈನರು: ಸ್ಟುಡಿಯೊಗೆ ಕ್ಲೌಡ್ ಆರಿಸಿದ ಒಂದು ಪ್ರಕರಣ

ಬೆಂಗಳೂರಿನ ಬಸವನಗುಡಿಯಲ್ಲಿ ಹನ್ನೊಂದು ಜನರ ಒಂದು ಡಿಸೈನ್ ಸ್ಟುಡಿಯೊ ಇದೆ ಎಂದುಕೊಳ್ಳಿ. ಪ್ಯಾಕೇಜಿಂಗ್, ಕನ್ನಡ ಪುಸ್ತಕಗಳ ಪುಟವಿನ್ಯಾಸ, ವರ್ಷಕ್ಕೊಮ್ಮೆ ಶಿವಕಾಶಿಯಲ್ಲಿ ಅಚ್ಚಾಗುವ ಕ್ಯಾಲೆಂಡರುಗಳು, ನಡುನಡುವೆ ಅರ್ಧ ನಿಮಿಷದ ಮೋಷನ್ ಜಾಹೀರಾತು. ಇದು ಮಾದರಿ ಪ್ರಕರಣ. ಈ ಗಾತ್ರದ ಸ್ಟುಡಿಯೊಗಳಲ್ಲಿ ಮತ್ತೆ ಮತ್ತೆ ಕಾಣುವ ಸ್ಥಿತಿಯನ್ನು ಒಂದೇ ಕಚೇರಿಗೆ ಹೊಂದಿಸಿ ಲೆಕ್ಕ ಹಾಕಲಾಗಿದೆ. ಕಾಲ 2024ರ ಮಧ್ಯಭಾಗ, ಬೆಲೆಗಳೂ ಆಗಿನವೇ.

ಹನ್ನೊಂದರಲ್ಲಿ ಎಂಟು ಜನ ಡಿಸೈನ್ ಫೈಲು ಮುಟ್ಟುವವರು. ಆರು ಮ್ಯಾಕ್‌ಗಳಲ್ಲಿ ಪುಟ ಜೋಡಿಸುವ ಇನ್‌ಡಿಸೈನ್, ಇಲ್ಲಸ್ಟ್ರೇಟರ್ ಮತ್ತು ಫೋಟೊಶಾಪ್ ನಡೆಯುತ್ತವೆ. ಎರಡು ವಿಂಡೋಸ್ ಯಂತ್ರಗಳಲ್ಲಿ ತ್ರೀಡಿ ಮತ್ತು ಆಫ್ಟರ್ ಎಫೆಕ್ಟ್ಸ್ ಕೆಲಸ. ಎಂಟರಲ್ಲಿ ಒಬ್ಬರು ಮೈಸೂರಿನ ಮನೆಯಿಂದ, ಇನ್ನೊಬ್ಬರು ಹುಬ್ಬಳ್ಳಿಯ ಮನೆಯಿಂದ ಕೆಲಸ ಮಾಡುತ್ತಾರೆ. ಉಳಿದ ಮೂವರು ಲೆಕ್ಕಪತ್ರ, ಕ್ಲೈಂಟ್ ಮಾತುಕತೆ ನೋಡಿಕೊಳ್ಳುವವರು. ಅವರಿಗೆ ಬೇಕಾದದ್ದು ಪಿಡಿಎಫ್ ಮಾತ್ರ.

ಫೈಲುಗಳು ಇದ್ದದ್ದು ಮೂರು ಕಡೆ. ಮಾಲೀಕರ ಸ್ವಂತ ಜಿಮೇಲ್ ಖಾತೆಯ 2 ಟಿಬಿ ಜಾಗದಲ್ಲಿ ಒಂದಷ್ಟು. ಕಪಾಟಿನಲ್ಲಿದ್ದ ಏಳು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗಳಲ್ಲಿ ಬಹುಪಾಲು. ಒಬ್ಬೊಬ್ಬರ ಡೆಸ್ಕ್‌ಟಾಪ್ ಮೇಲೆ ‘ಫೈನಲ್’, ‘ಫೈನಲ್ 2’, ‘ಪ್ರೆಸ್‌ಗೆ ಕಳಿಸಿದ ಫೈನಲ್’ ಇತ್ಯಾದಿ. ಕ್ಲೌಡ್ ತಗೊಳ್ಳೋಣ ಎಂಬ ಮಾತು ಎದ್ದಾಗ ಎಲ್ಲ ಕಡೆಯಂತೆ ಇಲ್ಲೂ ಮೊದಲು ಕೇಳಿದ್ದು ‘ಎಷ್ಟು ಟಿಬಿ ಕೊಡ್ತಾರೆ, ಎಷ್ಟಕ್ಕೆ?’ ಎಂದೇ. ಆ ಪ್ರಶ್ನೆಯಿಂದ ಶುರುಮಾಡಿದರೆ ತಪ್ಪು ಸೇವೆ ಕೈಗೆ ಬರುತ್ತದೆ. ಪುಟವಿನ್ಯಾಸ ಮಾಡುವ ಸ್ಟುಡಿಯೊಗೆ ಜಾಗಕ್ಕಿಂತ ಮೊದಲು ನೋಡಬೇಕಾದದ್ದು ಎರಡು: ಫೈಲಿನ ವಿಳಾಸ ಎಲ್ಲ ಯಂತ್ರಗಳಲ್ಲೂ ಒಂದೇ ಆಗಿರುತ್ತದೆಯೇ, ಮತ್ತು ಕಚೇರಿಯ ಲೈನು ಮೇಲಕ್ಕೆ ಎಷ್ಟು ಹೊರುತ್ತದೆ.

ಮೊದಲು ತೂಕ

ಏಳೂ ಡಿಸ್ಕ್‌ಗಳನ್ನು ಒಂದೊಂದಾಗಿ ಹಾಕಿ, ಮ್ಯಾಕ್‌ನಲ್ಲಿ ಗ್ರ್ಯಾಂಡ್‌ಪರ್ಸ್ಪೆಕ್ಟಿವ್, ವಿಂಡೋಸ್‌ನಲ್ಲಿ ವಿನ್‌ಡಿರ್‌ಸ್ಟ್ಯಾಟ್ ಓಡಿಸಿದಾಗ ಸಿಕ್ಕ ಮೊತ್ತ 7.1 ಟಿಬಿ. ಅದರಲ್ಲಿ ಸುಮಾರು 1 ಟಿಬಿ ಕಸ: ಆಫ್ಟರ್ ಎಫೆಕ್ಟ್ಸ್‌ನ ಡಿಸ್ಕ್ ಕ್ಯಾಶ್, ಪ್ರೀಮಿಯರ್‌ನ ಪ್ರಿವ್ಯೂ ಫೈಲುಗಳು, ಒಂದೇ ಫೋಟೊಶೂಟ್ ಮೂರು ಡಿಸ್ಕ್‌ಗಳಲ್ಲಿ. ಈ ತಿಂಗಳು ಯಾರಾದರೂ ತೆರೆಯುವ ಜೀವಂತ ಕೆಲಸ 0.9 ಟಿಬಿ. ಮುಗಿದು ಹೋದ, ಆದರೆ ಎಸೆಯುವಂತಿಲ್ಲದ ಹಳೆಯ ಕೆಲಸ 5.2 ಟಿಬಿ.

ಈ ವಿಂಗಡಣೆಯಾದ ಮೇಲೆ ಪ್ರಶ್ನೆಯೇ ಬದಲಾಗುತ್ತದೆ. ಏಳು ಟಿಬಿಗೆ ಒಂದೇ ಸೇವೆ ಬೇಕಿಲ್ಲ. 0.9 ಟಿಬಿಗೆ ಚುರುಕಾದದ್ದೊಂದು, 5.2 ಟಿಬಿಗೆ ಅಗ್ಗದ, ಅಲುಗಾಡದ ಇನ್ನೊಂದು. ಮುಗಿದ ಕೆಲಸವನ್ನೂ ನಡೆಯುವ ಕೆಲಸವನ್ನೂ ಒಂದೇ ಸಿಂಕ್ ಫೋಲ್ಡರಿಗೆ (ಎಲ್ಲ ಯಂತ್ರಗಳಲ್ಲೂ ತಾನಾಗಿ ಒಂದೇ ಆಗಿರುವ ಫೋಲ್ಡರಿಗೆ) ಸುರಿದವರು ಎರಡು ವರ್ಷದಲ್ಲಿ ಲಕ್ಷಗಟ್ಟಲೆ ಫೈಲುಗಳ ಕೆಳಗೆ ಸಿಕ್ಕಿಕೊಳ್ಳುತ್ತಾರೆ. ಹೊಸ ಮ್ಯಾಕ್ ಒಂದನ್ನು ಜೋಡಿಸಿದರೆ ಪಟ್ಟಿ ಇಳಿಸಿಕೊಳ್ಳುವುದರಲ್ಲೇ ಅದರ ದಿನ ಕಳೆಯುತ್ತದೆ.

ಅಪ್‌ಲೋಡ್ ಲೆಕ್ಕ

ಕಚೇರಿಯಲ್ಲಿ ಇದ್ದದ್ದು ಮನೆ ಬಳಕೆಯ ಫೈಬರ್ ಪ್ಲಾನು. ಕಾಗದದ ಮೇಲೆ 150 ಎಂಬಿಪಿಎಸ್. ಹಗಲಲ್ಲಿ ಅಳೆದರೆ ಅಪ್‌ಲೋಡ್ ಸುಮಾರು 40, ರಾತ್ರಿ ಒಂಬತ್ತರ ನಂತರ 90. ಡೌನ್‌ಲೋಡ್ ವೇಗವನ್ನೇ ಎಲ್ಲರೂ ಜಾಹೀರಾತಿನಲ್ಲಿ ಹಾಕುವುದು. ಡಿಸೈನರಿಗೆ ಬೇಕಾದದ್ದು ಅದರ ತಮ್ಮ.

ಒಂದು ಪ್ಯಾಕೇಜಿಂಗ್ ಕೆಲಸದ ಪಿಎಸ್‌ಡಿ (ಫೋಟೊಶಾಪ್ ಫೈಲು) 1.8 ಜಿಬಿ. 40 ಎಂಬಿಪಿಎಸ್‌ನಲ್ಲಿ ಅದು ಮೇಲೆ ಹೋಗಲು 360 ಸೆಕೆಂಡು, ಅಂದರೆ ಆರು ನಿಮಿಷ. ನಾಲ್ಕು ಜನ ಇಂಥ ಫೈಲುಗಳನ್ನು ಇಪ್ಪತ್ತು ನಿಮಿಷಕ್ಕೊಮ್ಮೆ ಸೇವ್ ಮಾಡಿದರೆ ಇಪ್ಪತ್ತು ನಿಮಿಷದಲ್ಲಿ ಇಪ್ಪತ್ನಾಲ್ಕು ನಿಮಿಷದ ಅಪ್‌ಲೋಡ್ ಹುಟ್ಟುತ್ತದೆ. ಸಾಲು ಕರಗುವುದೇ ಇಲ್ಲ. ಸಂಜೆ ಆರಕ್ಕೆ ಮ್ಯಾಕ್ ಮುಚ್ಚಿ ಹೊರಟವರ ಮಧ್ಯಾಹ್ನದ ಕೆಲಸ ಇನ್ನೂ ಅವರ ಯಂತ್ರದಲ್ಲೇ ಇರುತ್ತದೆ. ಹುಬ್ಬಳ್ಳಿಯವರು ತೆರೆದು ನೋಡುವುದು ಬೆಳಗಿನ ಆವೃತ್ತಿ. ‘ಕ್ಲೌಡ್ ಕೈಕೊಟ್ಟಿತು’ ಎಂದು ಬೈಯುವ ಎಷ್ಟೋ ಸಂದರ್ಭಗಳಲ್ಲಿ ಕೈಕೊಟ್ಟಿರುವುದು ಈ ಗುಣಾಕಾರ.

ಬದಲಾದ ಭಾಗವನ್ನಷ್ಟೇ ಕಳಿಸುವ ಸೇವೆಗಳಿವೆಯಲ್ಲ ಎಂದು ಕೇಳಬಹುದು. ಡ್ರಾಪ್‌ಬಾಕ್ಸ್ ಫೈಲನ್ನು 4 ಎಂಬಿಯ ತುಂಡುಗಳಾಗಿ ಕತ್ತರಿಸಿ ನೋಡುತ್ತದೆ. ಒನ್‌ಡ್ರೈವ್ 2020ರಿಂದ ಎಲ್ಲ ಬಗೆಯ ಫೈಲುಗಳಿಗೂ ಇಂಥದೇ ವ್ಯವಸ್ಥೆ ತಂದಿದೆ. ಆದರೆ ಪಿಎಸ್‌ಡಿಯ ಒಳರಚನೆಯನ್ನು ನೆನಪಿಟ್ಟುಕೊಳ್ಳಬೇಕು. ಲೇಯರುಗಳು ಒಂದರ ಹಿಂದೆ ಒಂದು, ಸಂಕುಚಿತವಾಗಿ ಕೂತಿರುತ್ತವೆ, ಕೊನೆಯಲ್ಲಿ ಎಲ್ಲ ಸೇರಿದ ಒಟ್ಟು ಚಿತ್ರ. ನಡುವಿನ ಒಂದು ಲೇಯರ್ ತಿದ್ದಿದರೆ ಅದರ ಗಾತ್ರ ಬದಲಾಗಿ ಹಿಂದಿರುವುದೆಲ್ಲ ಜಾಗ ಸರಿಯುತ್ತದೆ, ಒಟ್ಟು ಚಿತ್ರವೂ ಹೊಸದಾಗುತ್ತದೆ. ಹಾಗಾಗಿ ಲೆಕ್ಕ ಹಾಕುವಾಗ ಇಡೀ ಫೈಲು ಹೋಗುತ್ತದೆ ಎಂದೇ ಹಿಡಿಯುವುದು ಒಳ್ಳೆಯದು. ಕಡಿಮೆ ಹೋದರೆ ಲಾಭ.

ಇದಕ್ಕೆ ಮದ್ದು ಸೇವೆಯ ಆಯ್ಕೆಯಲ್ಲಿಲ್ಲ, ಲೈನಿನಲ್ಲಿದೆ. ಎರಡೂ ದಿಕ್ಕಿಗೆ 200 ಎಂಬಿಪಿಎಸ್ ಬರುವ ವ್ಯಾಪಾರಿ ಲೈನು ತೆಗೆದುಕೊಂಡರೆ ಅದೇ 1.8 ಜಿಬಿ 72 ಸೆಕೆಂಡಿನ ಮಾತು. ನಾಲ್ಕು ಜನರದ್ದು ಸೇರಿದರೂ ಇಪ್ಪತ್ತು ನಿಮಿಷದಲ್ಲಿ ಐದು ನಿಮಿಷ. ಹಳೆಯ ಲೈನನ್ನು ತೆಗೆಸದೆ ಉಳಿಸಿಕೊಳ್ಳಲಾಯಿತು. ರಸ್ತೆ ಅಗೆಯುವವರು ಯಾವ ಕೇಬಲ್ಲಿಗೆ ಯಾವಾಗ ಹಾರೆ ಹಾಕುತ್ತಾರೆಂದು ಬೆಂಗಳೂರಿನಲ್ಲಿ ಹೇಳುವಂತಿಲ್ಲ.

ಆಯ್ಕೆಯನ್ನು ಬಗೆಹರಿಸಿದ್ದು ಫೈಲಿನ ವಿಳಾಸ

ಇನ್‌ಡಿಸೈನ್ ಚಿತ್ರವನ್ನು ಡಾಕ್ಯುಮೆಂಟಿನೊಳಗೆ ನುಂಗುವುದಿಲ್ಲ. ಅದು ಎಲ್ಲಿದೆ ಎಂಬ ಪೂರ್ತಿ ವಿಳಾಸವನ್ನು ಬರೆದಿಟ್ಟುಕೊಳ್ಳುತ್ತದೆ. 212 ಪುಟದ ಪುಸ್ತಕವೊಂದರಲ್ಲಿ 640 ಲಿಂಕ್‌ಗಳಿದ್ದರೆ 640 ವಿಳಾಸ. ಡಾಕ್ಯುಮೆಂಟ್ ಪಕ್ಕದಲ್ಲೇ ‘ಲಿಂಕ್ಸ್’ ಫೋಲ್ಡರ್ ಇದ್ದರೆ, ಪ್ಯಾಕೇಜ್ ಮಾಡಿದ (ಡಾಕ್ಯುಮೆಂಟು, ಚಿತ್ರ, ಫಾಂಟ್ ಒಂದೇ ಕಡೆ ಕೂಡಿಸಿದ) ಫೋಲ್ಡರಿನಲ್ಲಿ ಇರುವ ಹಾಗೆ, ಅದು ಹುಡುಕಿಕೊಳ್ಳುತ್ತದೆ. ತೊಂದರೆ ಬರುವುದು ಎಲ್ಲ ಕೆಲಸಗಳಿಗೂ ಹಂಚಿಕೆಯಾದ ಸಾಮಗ್ರಿಯಲ್ಲಿ: ಲೋಗೊ, ಬ್ರ್ಯಾಂಡ್ ಚಿತ್ರ, ಬಾರ್‌ಕೋಡ್. ಅವು ಒಂದೇ ‘ಸಾಮಗ್ರಿ’ ಫೋಲ್ಡರಿನಲ್ಲಿದ್ದು ನಲವತ್ತು ಡಾಕ್ಯುಮೆಂಟುಗಳಿಂದ ಎಳೆದುಕೊಂಡಿರುತ್ತವೆ.

ಮ್ಯಾಕ್‌ನಲ್ಲಿ 12.3ನೇ ಆವೃತ್ತಿಯ ಸುಮಾರಿಗೆ ಕ್ಲೌಡ್ ಸೇವೆಗಳೆಲ್ಲ ಆಪಲ್‌ನ ಹೊಸ ವ್ಯವಸ್ಥೆಗೆ ಹೊರಳಿದವು. ಫೈಲುಗಳೀಗ ಬಳಕೆದಾರರ ಹೋಮ್ ಫೋಲ್ಡರಿನ ‘ಲೈಬ್ರರಿ’ಯೊಳಗೆ ‘ಕ್ಲೌಡ್‌ಸ್ಟೋರೇಜ್’ ಎಂಬಲ್ಲಿ ಕೂರುತ್ತವೆ. ಅಲ್ಲಿ ಗೂಗಲ್ ಡ್ರೈವ್‌ನ ಫೋಲ್ಡರ್ ಹೆಸರಿನಲ್ಲಿ ಆ ಬಳಕೆದಾರರ ಇಮೇಲ್ ವಿಳಾಸವೇ ಸೇರಿರುತ್ತದೆ. ಎಂಟು ಜನಕ್ಕೆ ಎಂಟು ಇಮೇಲ್, ಅಂದರೆ ಒಂದೇ ಲೋಗೊಗೆ ಎಂಟು ವಿಳಾಸ. ಬಸವನಗುಡಿಯಲ್ಲಿ ಇಟ್ಟ ಲೋಗೊ ಮೈಸೂರಿನಲ್ಲಿ ತೆರೆದಾಗ ಕೆಂಪು ಪ್ರಶ್ನಾರ್ಥಕ ಚಿಹ್ನೆ. ಅವರು ಮತ್ತೆ ಲಿಂಕ್ ಮಾಡಿ ಸೇವ್ ಮಾಡಿದರೆ ಇಲ್ಲಿಯವರಿಗೆ ಕೆಂಪು. ವಿಂಡೋಸ್‌ನಲ್ಲಿ ಈ ಗೋಳಿಲ್ಲ. ಅಲ್ಲಿ ಗೂಗಲ್ ಡ್ರೈವ್ ಸಾಮಾನ್ಯವಾಗಿ ‘ಜಿ’ ಅಕ್ಷರದ ಡ್ರೈವ್ ಆಗಿ ಬರುತ್ತದೆ, ಎಲ್ಲರಿಗೂ ಒಂದೇ. ವಿಂಡೋಸ್ ಸ್ಟುಡಿಯೊ ಆಗಿದ್ದರೆ ಇಲ್ಲಿಗೇ ಗೂಗಲ್ ಗೆದ್ದುಬಿಡುತ್ತಿತ್ತು.

ಡ್ರಾಪ್‌ಬಾಕ್ಸ್‌ನ ಟೀಮ್ ಖಾತೆಯಲ್ಲಿ ಫೋಲ್ಡರ್ ಹೆಸರಿಗೆ ಇಮೇಲ್ ಬದಲು ಟೀಮಿನ ಹೆಸರು ಬರುತ್ತದೆ. ಆಗ ಬೇರೆಯಾಗಿ ಉಳಿಯುವುದು ಮ್ಯಾಕ್‌ನ ಬಳಕೆದಾರ ಹೆಸರು ಮಾತ್ರ. ಅದನ್ನು ಸರಿಮಾಡಬಹುದು: ಆರೂ ಮ್ಯಾಕ್‌ಗಳಲ್ಲಿ ‘ಸ್ಟುಡಿಯೊ’ ಎಂಬ ಒಂದೇ ಹೆಸರಿನ ಹೊಸ ಬಳಕೆದಾರ ಖಾತೆ ತೆರೆದು, ಕೆಲಸವೆಲ್ಲ ಅದರಲ್ಲೇ. ಇರುವ ಖಾತೆಯ ಹೆಸರನ್ನು ತಿದ್ದಲು ಹೋಗಬಾರದು, ಹೋಮ್ ಫೋಲ್ಡರ್ ಮತ್ತು ಅನುಮತಿಗಳು ಗೋಜಲಾಗುತ್ತವೆ. ಹೊಸ ಖಾತೆ, ಅದರಲ್ಲಿ ಅಡೋಬಿ ಸೈನ್ ಇನ್, ಫಾಂಟ್‌ಗಳು, ಪ್ರಿಂಟರ್ ಎಂದರೆ ಒಂದು ಮ್ಯಾಕ್‌ಗೆ ಅರ್ಧ ದಿನ. ಸಾಮಗ್ರಿ ಫೋಲ್ಡರನ್ನು ಟೀಮ್ ಫೋಲ್ಡರಿನ ಮೊದಲ ಹಂತದಲ್ಲೇ ಇಡಬೇಕು. ಯಾರಾದರೂ ತಮ್ಮ ಹೆಸರಿನ ಫೋಲ್ಡರಿನೊಳಗೆ ಎಳೆದುಕೊಂಡರೆ ವಿಳಾಸ ಮತ್ತೆ ಬೇರೆ.

ಬಿಟ್ಟವು ಯಾಕೆ

ಗೂಗಲ್ ವರ್ಕ್‌ಸ್ಪೇಸ್ ಬಿಸಿನೆಸ್ ಸ್ಟ್ಯಾಂಡರ್ಡ್ ಒಬ್ಬರಿಗೆ 2 ಟಿಬಿಯಂತೆ ಎಂಟು ಜನಕ್ಕೆ 16 ಟಿಬಿಯನ್ನು ಒಟ್ಟುಗೂಡಿಸಿ ಕೊಡುತ್ತದೆ. ಜಾಗದ ಲೆಕ್ಕದಲ್ಲಿ ಅದೇ ಸಲೀಸು. ಅದರ ಶೇರ್ಡ್ ಡ್ರೈವ್‌ನಲ್ಲಿ ಫೈಲು ವ್ಯಕ್ತಿಯದ್ದಲ್ಲ, ಸಂಸ್ಥೆಯದ್ದು, ಇದೂ ದೊಡ್ಡ ಗುಣ. ಆದರೆ ಮ್ಯಾಕ್‌ನ ಇಮೇಲ್ ವಿಳಾಸದ ಸಮಸ್ಯೆಗೆ ಸರಳ ಮದ್ದಿಲ್ಲ. ಇನ್ನೊಂದು ಕೊರತೆ: ಪಿಎಸ್‌ಡಿಯಂಥ ಫೈಲುಗಳ ಹಳೆಯ ಆವೃತ್ತಿಗಳು ಅಲ್ಲಿ ಉಳಿಯುವುದು 30 ದಿನ ಅಥವಾ 100 ಆವೃತ್ತಿ. ‘ಎರಡು ತಿಂಗಳ ಹಿಂದಿನ ಕವರ್ರೇ ಚೆನ್ನಾಗಿತ್ತು’ ಎನ್ನುವ ಪ್ರಕಾಶಕರಿಗೆ ಅದು ಸಾಲದು.

ಮೈಕ್ರೋಸಾಫ್ಟ್‌ನಲ್ಲಿ ಒಬ್ಬೊಬ್ಬರಿಗೂ 1 ಟಿಬಿ ಒನ್‌ಡ್ರೈವ್ ಬರುತ್ತದೆ, ಆದರೆ ಅದು ಅವರವರ ಜಾಗ. ತಂಡದ್ದು ಇರಬೇಕಾದದ್ದು ಶೇರ್‌ಪಾಯಿಂಟ್‌ನಲ್ಲಿ. ಅಲ್ಲಿ ಸಂಸ್ಥೆಗೆ 1 ಟಿಬಿ, ಜೊತೆಗೆ ಲೈಸೆನ್ಸಿಗೆ 10 ಜಿಬಿ. ಎಂಟು ಲೈಸೆನ್ಸಿಗೆ 1.08 ಟಿಬಿ. ಜೀವಂತ ಕೆಲಸವೇ 0.9 ಇರುವಾಗ ಕ್ಯಾಲೆಂಡರ್ ಸೀಸನ್ ಬಂದರೆ ತುಂಬಿ ಹೋಯಿತು.

ಬಾಕ್ಸ್ ಎಂಬ ಸೇವೆಯ ಬಿಸಿನೆಸ್ ಪ್ಲಾನಿನಲ್ಲಿ ಒಂದು ಫೈಲಿನ ಮಿತಿ 5 ಜಿಬಿ. ಪಿಎಸ್‌ಡಿ ಹೇಗೂ 2 ಜಿಬಿಗೆ ನಿಲ್ಲುತ್ತದೆ, ಅದಕ್ಕಿಂತ ದೊಡ್ಡದಕ್ಕೆ ಪಿಎಸ್‌ಬಿಯೇ ಬೇಕು. ಹೋರ್ಡಿಂಗ್‌ನ ಪಿಎಸ್‌ಬಿ 7 ಜಿಬಿ ಆದ ದಿನ ಬಾಕ್ಸ್ ಬಾಗಿಲು ಹಾಕುತ್ತದೆ. ಅಡೋಬಿಯ ಕ್ರಿಯೇಟಿವ್ ಕ್ಲೌಡ್ ಹೇಗೂ ಇದೆಯಲ್ಲ ಎಂಬ ಸಲಹೆಯೂ ಬಂತು. ಅದರ ಸಿಂಕ್ ಫೋಲ್ಡರ್ ಸೌಲಭ್ಯವನ್ನು ವೈಯಕ್ತಿಕ ಖಾತೆಗಳಿಗೆ 2024ರ ಫೆಬ್ರವರಿ 1ರಿಂದ ನಿಲ್ಲಿಸಿದ್ದಾರೆ. ಹೋಗುವ ದಾರಿಯಲ್ಲಿರುವ ಬಸ್ಸಿಗೆ ಟಿಕೆಟ್ ತೆಗೆಯುವುದು ಬೇಡ.

ಲೂಸಿಡ್‌ಲಿಂಕ್ ತಾಂತ್ರಿಕವಾಗಿ ಎಲ್ಲಕ್ಕಿಂತ ಮುಂದೆ. ಅದು ಡಿಸ್ಕಿನಂತೆಯೇ ಕೂರುವುದರಿಂದ ಎಲ್ಲ ಮ್ಯಾಕ್‌ಗಳಲ್ಲೂ ವಿಳಾಸ ಒಂದೇ, ಬೇಕಾದ ತುಂಡನ್ನಷ್ಟೇ ಎಳೆದುಕೊಳ್ಳುತ್ತದೆ. ವಿಡಿಯೊ ಎಡಿಟಿಂಗ್ ಮುಖ್ಯವಾಗಿದ್ದರೆ ಅದನ್ನೇ ತೆಗೆದುಕೊಳ್ಳಬೇಕಿತ್ತು. ಆದರೆ ಲೈನು ಹೋದರೆ ಕೆಲಸವೂ ಹೋಯಿತು. ಸಿಂಕ್ ಸೇವೆಯಲ್ಲಿ ಫೈಲು ಯಂತ್ರದಲ್ಲೇ ಇರುತ್ತದೆ, ಲೈನು ಬಂದಾಗ ಮೇಲೆ ಹೋಗುತ್ತದೆ.

ಕಚೇರಿಯಲ್ಲೇ ನ್ಯಾಸ್ (ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ) ಇಡುವುದನ್ನು ಗಂಭೀರವಾಗಿಯೇ ಪರಿಶೀಲಿಸಲಾಯಿತು. 8 ಟಿಬಿಯ ನಾಲ್ಕು ಡಿಸ್ಕ್ ಹಾಕಿ ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ಫೈಲು ಉಳಿಯುವ ಜೋಡಣೆ) ಮಾಡಿದರೆ ಬಳಸಲು 24 ಟಿಬಿ. ಎಲ್ಲರೂ ಒಂದೇ ಸೂರಿನಡಿ ಕೂರುವ ಸ್ಟುಡಿಯೊಗೆ ಇದೇ ಸರಿ ಉತ್ತರ, ಕ್ಲೌಡ್ ಬರಿಯ ಬ್ಯಾಕಪ್ಪಿಗೆ ಸಾಕು. ಇಲ್ಲಿ ಮೈಸೂರು, ಹುಬ್ಬಳ್ಳಿ ಇವೆ. ಹೊರಗಿನಿಂದ ನ್ಯಾಸ್ ಮುಟ್ಟಲು ಮನೆ ಫೈಬರಿನಲ್ಲಿ ಸ್ವಂತ ಪಬ್ಲಿಕ್ ಐಪಿ (ಹೊರಗಿನಿಂದ ತಲುಪಬಲ್ಲ ಇಂಟರ್ನೆಟ್ ವಿಳಾಸ) ಬಹಳ ಸಲ ಸಿಗುವುದಿಲ್ಲ, ಟೇಲ್‌ಸ್ಕೇಲ್‌ನಂಥ ಖಾಸಗಿ ನೆಟ್‌ವರ್ಕ್ ಸಾಧನ ಹಾಕಬೇಕು. ಯುಪಿಎಸ್ ಬೇಕು, ಡಿಸ್ಕ್ ಕೆಟ್ಟಾಗ ಬದಲಿಸುವವರು ಬೇಕು. ಈ ಹನ್ನೊಂದು ಜನರಲ್ಲಿ ಆ ಕೆಲಸಕ್ಕೆ ಹೆಸರು ಕೊಡುವವರು ಯಾರೂ ಇರಲಿಲ್ಲ. ನಿಜವಾದ ಕಾರಣ ಇದು.

ದುಡ್ಡು

ಡ್ರಾಪ್‌ಬಾಕ್ಸ್‌ನ ಟೀಮ್ ಪ್ಲಾನುಗಳಲ್ಲಿ ಸ್ಟ್ಯಾಂಡರ್ಡ್ ಎಂಬುದು ಇಡೀ ತಂಡಕ್ಕೆ 5 ಟಿಬಿ, ಹಳೆಯ ಆವೃತ್ತಿಗಳು 180 ದಿನ. ವರ್ಷದ ಲೆಕ್ಕದಲ್ಲಿ ಕಟ್ಟಿದರೆ ಒಬ್ಬರಿಗೆ ತಿಂಗಳಿಗೆ 15 ಡಾಲರ್. ಅಡ್ವಾನ್ಸ್ಡ್ 24 ಡಾಲರ್. ಹಿಂದೆ ಅದರಲ್ಲಿ ‘ಬೇಕಾದಷ್ಟು ಜಾಗ’ ಇತ್ತು. 2023ರ ಆಗಸ್ಟ್‌ನಲ್ಲಿ ಅದನ್ನು ತೆಗೆದು, ಮೂರು ಲೈಸೆನ್ಸಿಗೆ 15 ಟಿಬಿ, ಮುಂದಿನ ಪ್ರತಿ ಲೈಸೆನ್ಸಿಗೆ 5 ಟಿಬಿ ಎಂದು ಮಾಡಿದರು. ಹಳೆಯ ಲೇಖನ ಓದಿ ‘ಅನ್‌ಲಿಮಿಟೆಡ್’ ಎಂದು ನಂಬಿ ಹೋಗುವವರು ಈಗಲೂ ಇದ್ದಾರೆ.

ಎಂಟು ಜನಕ್ಕೆ ಅಡ್ವಾನ್ಸ್ಡ್ ಎಂದರೆ ವರ್ಷಕ್ಕೆ 2,304 ಡಾಲರ್, ಜಾಗ 40 ಟಿಬಿ, ಎಲ್ಲವೂ ಒಂದೇ ಕಡೆ. ಸ್ಟ್ಯಾಂಡರ್ಡ್ ಎಂದರೆ 1,440 ಡಾಲರ್. ಉಳಿದ 5.2 ಟಿಬಿಯನ್ನು ಬ್ಯಾಕ್‌ಬ್ಲೇಜ್ ಬಿ2 ಎಂಬ ಅಗ್ಗದ ಶೇಖರಣಾ ಸೇವೆಯಲ್ಲಿ ಇಟ್ಟರೆ ಟಿಬಿಗೆ ತಿಂಗಳಿಗೆ 6 ಡಾಲರಿನಂತೆ ವರ್ಷಕ್ಕೆ ಸುಮಾರು 374. ಒಟ್ಟು 1,814. ಆರಿಸಿಕೊಂಡದ್ದು ಈ ಜೋಡಿಯನ್ನೇ. ಉಳಿತಾಯ 490 ಡಾಲರ್ ಎನ್ನುವುದಕ್ಕಿಂತ ಮುಖ್ಯ, ಹಳೆಯ ಕೆಲಸ ಬೇರೆ ಕಂಪನಿಯ ಬೇರೆ ಖಾತೆಯಲ್ಲಿ, ಬೇರೆ ಪಾಸ್‌ವರ್ಡಿನ ಹಿಂದೆ ಕೂರುತ್ತದೆ. ಬಿ2ನಿಂದ ವಾಪಸ್ ಇಳಿಸಿಕೊಳ್ಳಲು, ಇಟ್ಟದ್ದರ ಮೂರು ಪಟ್ಟಿನವರೆಗೆ, ಹಣವಿಲ್ಲ. ಅಮೆಜಾನ್‌ನ ಶೇಖರಣಾ ಸೇವೆ ಎಸ್3ಯ ಮುಂಬೈ ಕೇಂದ್ರದಲ್ಲಾದರೆ ಟಿಬಿಗೆ ಸುಮಾರು 25 ಡಾಲರ್ ಬಾಡಿಗೆ, ಇಳಿಸಿಕೊಳ್ಳಲು ಜಿಬಿಗೆ ಹತ್ತು ಸೆಂಟಿನ ಮೇಲೆ. ‘ನಮ್ಮ ಫೈಲು ಭಾರತದಲ್ಲೇ ಇರಬೇಕು’ ಎಂದು ಕರಾರಿನಲ್ಲಿ ಬರೆಸುವ ಕ್ಲೈಂಟ್‌ಗಳ ಕೆಲಸವನ್ನು ಅಲ್ಲಿಡಬೇಕಾಗುತ್ತದೆ. ಅಂಥದ್ದು 300 ಜಿಬಿ ಇದ್ದರೆ ತಿಂಗಳಿಗೆ ಏಳೂವರೆ ಡಾಲರ್, ಹೆದರುವ ಮೊತ್ತವಲ್ಲ. ಅಮೆಜಾನ್‌ನದೇ ಗ್ಲೇಸಿಯರ್ ಡೀಪ್ ಆರ್ಕೈವ್ ಇನ್ನೂ ಬಹಳ ಅಗ್ಗ, ಆದರೆ ಫೈಲು ಕೈಗೆ ಬರಲು ಹನ್ನೆರಡು ಗಂಟೆಯವರೆಗೆ ಕಾಯಬೇಕು. ಮರುಮುದ್ರಣಕ್ಕೆ ಫೋನ್ ಮಾಡುವ ಕ್ಲೈಂಟ್ ಬೆಳಗ್ಗೆ ಹತ್ತಕ್ಕೆ ಮಾಡಿ ಮಧ್ಯಾಹ್ನ ಮೂರಕ್ಕೆ ಫೈಲು ಕೇಳುತ್ತಾರೆ.

ಡಾಲರ್ ಬಿಲ್ಲಿಗೆ ನಮ್ಮಲ್ಲಿ ಎರಡು ಗಂಟುಗಳಿವೆ. ಆರ್‌ಬಿಐ ನಿಯಮದಂತೆ ಕಾರ್ಡಿನಿಂದ ತಾನಾಗಿ ಕಡಿತವಾಗುವ ಮೊತ್ತ 15,000 ರೂಪಾಯಿ ದಾಟಿದರೆ ಪ್ರತಿಸಲವೂ ಒಟಿಪಿ ಬೇಕು. ವರ್ಷದ ಬಿಲ್ ಲಕ್ಷದ ಮೇಲೆ. ಕಾರ್ಡ್ ಇದೆ, ತಾನೇ ಕಟ್ಟಾಗುತ್ತದೆ ಎಂದು ನೆಮ್ಮದಿಯಾಗಿದ್ದರೆ ನವೀಕರಣದ ದಿನ ಪಾವತಿ ಬಿದ್ದುಹೋಗಿ, ಎಚ್ಚರಿಕೆಯ ಇಮೇಲ್ ಯಾರೂ ನೋಡದ ಪೆಟ್ಟಿಗೆಯಲ್ಲಿರುತ್ತದೆ. ಹದಿನೈದು ದಿನ ಮೊದಲೇ ಕೈಯಾರೆ ಕಟ್ಟುವಂತೆ ಲೆಕ್ಕಪತ್ರದವರ ಕ್ಯಾಲೆಂಡರಿನಲ್ಲಿ ಹಾಕಬೇಕು. ಎರಡನೆಯದು ಜಿಎಸ್‌ಟಿ. ಖಾತೆಯಲ್ಲಿ ಜಿಎಸ್‌ಟಿ ನೋಂದಣಿ ಸಂಖ್ಯೆ ತುಂಬಿದರೆ ವಿದೇಶಿ ಕಂಪನಿ ತೆರಿಗೆ ಸೇರಿಸುವುದಿಲ್ಲ. ರಿವರ್ಸ್ ಚಾರ್ಜ್‌ನಲ್ಲಿ 18% ಸ್ಟುಡಿಯೊವೇ ಕಟ್ಟಿ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳಬಹುದು. ತುಂಬದಿದ್ದರೆ ಆ 18% ಬಿಲ್ಲಿನಲ್ಲೇ ಬಂದು, ಕ್ರೆಡಿಟ್ ಪಡೆಯುವುದು ಕಷ್ಟವಾಗುತ್ತದೆ.

ಸ್ಥಳಾಂತರ

0.9 ಟಿಬಿ ಜೀವಂತ ಕೆಲಸವನ್ನು ಹೊಸ ಲೈನಿನಲ್ಲಿ ಒಂದು ಶುಕ್ರವಾರ ಸಂಜೆಯಿಂದ ಹಾಕಲಾಯಿತು. 200 ಎಂಬಿಪಿಎಸ್ ಪೂರ್ತಿ ಸಿಕ್ಕರೆ ಹತ್ತು ಗಂಟೆಯ ಕೆಲಸ. ವಾಸ್ತವದಲ್ಲಿ ಶನಿವಾರ ಸಂಜೆ ಎಂದು ಇಟ್ಟುಕೊಳ್ಳಬೇಕು, ಸಣ್ಣ ಫೈಲುಗಳು ಹೆಚ್ಚಿದ್ದಷ್ಟೂ ನಿಧಾನ.

5.2 ಟಿಬಿ ಹಳೆಯ ಲೈನಿನ ಪಾಲಿಗೆ. ರಾತ್ರಿ ಒಂಬತ್ತರಿಂದ ಬೆಳಗ್ಗೆ ಎಂಟು, ಹನ್ನೊಂದು ಗಂಟೆ, 90 ಎಂಬಿಪಿಎಸ್: ರಾತ್ರಿಗೆ ಸುಮಾರು 445 ಜಿಬಿ. ಹನ್ನೆರಡು ರಾತ್ರಿ. ಆದರೆ ಮನೆ ಫೈಬರಿನ ‘ಅನ್‌ಲಿಮಿಟೆಡ್’ ಪ್ಲಾನುಗಳಲ್ಲಿ ತಿಂಗಳಿಗೆ 3,300 ಜಿಬಿ ಮಿತಿ ಸಾಮಾನ್ಯ, ಅಪ್‌ಲೋಡ್ ಕೂಡ ಅದರಲ್ಲೇ ಎಣಿಕೆ. ಎಂಟನೆಯ ರಾತ್ರಿ ವೇಗ ನೆಲಕಚ್ಚುತ್ತದೆ. ಹಾಗಾಗಿ ಬಿಲ್ ಅವಧಿಯ ಕೊನೆಯ ಏಳು ರಾತ್ರಿ, ಹೊಸ ಅವಧಿಯ ಮೊದಲ ಐದು ರಾತ್ರಿ.

ಸಾಧನ ಆರ್‌ಕ್ಲೋನ್, ಕ್ಲೌಡ್‌ಗೆ ಫೈಲು ಸಾಗಿಸುವ ಪ್ರೋಗ್ರಾಂ. ಅದರಲ್ಲಿ ‘ಕಾಪಿ’ ಆದೇಶವನ್ನೇ ಬಳಸಬೇಕು, ‘ಸಿಂಕ್’ ಅಲ್ಲ. ಸಿಂಕ್ ಎಂದರೆ ಮೂಲದಲ್ಲಿ ಇಲ್ಲದ್ದನ್ನು ಆ ಕಡೆಯೂ ಅಳಿಸುತ್ತದೆ. ಮೂರನೆಯ ಡಿಸ್ಕ್ ಹಾಕಿ ಅದೇ ಗುರಿಗೆ ಸಿಂಕ್ ಕೊಟ್ಟರೆ ಮೊದಲ ಎರಡು ಡಿಸ್ಕಿನದ್ದು ಮಾಯ. ಬಿ2ನ ಯಂತ್ರಗಳು ಭಾರತದಲ್ಲಿಲ್ಲ, ದೂರದ ದಾರಿಯಲ್ಲಿ ಒಂದೊಂದೇ ಫೈಲು ಕಳಿಸಿದರೆ ಲೈನು ತುಂಬುವುದಿಲ್ಲ, ಏಕಕಾಲಕ್ಕೆ ಎಂಟು ವರ್ಗಾವಣೆ ಇಡಬೇಕು. ಮುಗಿದ ಮೇಲೆ ‘ಚೆಕ್’ ಓಡಿಸಿ ಎರಡೂ ಕಡೆಯ ಚೆಕ್‌ಸಮ್ (ಫೈಲಿನೊಳಗಿನದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೋಲಿಸಬೇಕು. ಚೆಕ್ ಮುಗಿಯದ ಡಿಸ್ಕನ್ನು ಖಾಲಿ ಮಾಡಬಾರದು. ಮುಗಿದ ಮೇಲೂ ಆ ಏಳು ಡಿಸ್ಕ್‌ಗಳು ಕಚೇರಿಯ ಕಪಾಟಿನಲ್ಲಲ್ಲ, ಮಾಲೀಕರ ಮನೆಯಲ್ಲಿ ಇರಲಿ.

ಇನ್ನು ಕನ್ನಡದ್ದೇ ಒಂದು ತೊಡಕು. ‘ಕೋಲಾರ’ ಎಂದು ಹೆಸರಿಟ್ಟ ಫೋಲ್ಡರ್ ಎರಡು ಸಲ ಕಾಣಿಸುತ್ತದೆ. ಎರಡೂ ಕಣ್ಣಿಗೆ ಒಂದೇ, ಒಂದರಲ್ಲಿ ಹಳೆಯ ಫೈಲು, ಇನ್ನೊಂದರಲ್ಲಿ ಹೊಸದು. ಕಾರಣ ಯೂನಿಕೋಡ್‌ನಲ್ಲಿ ಓತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ ಮತ್ತು ದೀರ್ಘದ ಗುರುತು ಎಂದು ಮೂರಾಗಿ ಒಡೆದೂ ಬರೆಯಬಹುದು. ಈತ್ವ, ಏತ್ವ, ಐತ್ವ, ಒತ್ವಗಳಿಗೂ ಹೀಗೇ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ಗಳು ಹೆಸರನ್ನು ಒಡೆದೇ ಇಡುತ್ತಿದ್ದವು, ವಿಂಡೋಸ್‌ನಲ್ಲಿ ಟೈಪ್ ಮಾಡಿದ್ದು ಒಡೆಯದೆ ಇರುತ್ತದೆ. ಬಿ2ನಂಥ ಕಡೆ ಬೈಟು ಬೇರೆಯಾದರೆ ಹೆಸರೂ ಬೇರೆ. ಜೊತೆಗೆ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಕ್ರಮ) ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು. 255 ಬೈಟಿನ ಮಿತಿಯಿರುವ ಲಿನಕ್ಸ್ ಡಿಸ್ಕ್‌ಗಳಲ್ಲಿ ಹೆಸರು 85 ಸಂಕೇತಕ್ಕೆ ಮುಗಿಯುತ್ತದೆ, ಮತ್ತು ‘ಸ್ತ್ರೀ’ ಎಂಬ ಒಂದು ಅಕ್ಷರವೇ ಆರು ಸಂಕೇತ. ಕನ್ನಡಾಭಿಮಾನ ಪುಸ್ತಕದೊಳಗೆ ಇರಲಿ, ಕೆಲಸದ ಫೋಲ್ಡರಿನ ಹೆಸರು ರೋಮನ್ ಲಿಪಿ ಮತ್ತು ಅಂಕಿಗಳಲ್ಲಿ ಇರಲಿ: ವರ್ಷ-ತಿಂಗಳು, ಕ್ಲೈಂಟ್ ಸಂಕೇತ, ಕೆಲಸದ ಸಂಖ್ಯೆ.

ಮೊದಲ ತಿಂಗಳಲ್ಲಿ ಕೆಡುವುದು

ಹಳೆಯ ಡಾಕ್ಯುಮೆಂಟುಗಳ ಲಿಂಕ್‌ಗಳೆಲ್ಲ ಎಕ್ಸ್‌ಟರ್ನಲ್ ಡಿಸ್ಕಿನ ವಿಳಾಸ ಹೊತ್ತಿರುವುದರಿಂದ ಒಂದು ಸಲ ಎಲ್ಲವೂ ಕೆಂಪಾಗುತ್ತವೆ. ಲಿಂಕ್ಸ್ ಪ್ಯಾನಲಿನಲ್ಲಿ ‘ರಿಲಿಂಕ್ ಟು ಫೋಲ್ಡರ್’ ಕೊಟ್ಟರೆ ಫೈಲಿನ ಹೆಸರು ನೋಡಿ ಒಟ್ಟಿಗೆ ಜೋಡಿಸುತ್ತದೆ. ಅಲ್ಲೇ ಅಪಾಯ. ಕ್ಯಾಮೆರಾಗಳು ಹೆಸರು ಕೊಡುವುದು ‘ಐಎಂಜಿ 0412’ ಎಂಬಂತೆ. ಎರಡು ಶೂಟ್‌ಗಳಲ್ಲಿ ಎರಡು 0412. ದೊಡ್ಡ ಫೋಲ್ಡರಿಗೆ ರಿಲಿಂಕ್ ಮಾಡಿದರೆ ಕೆಂಪು ಚಿಹ್ನೆ ಹೋಗುತ್ತದೆ, ಮುದ್ರಣಕ್ಕೆ ಮುನ್ನ ತಪ್ಪು ಹುಡುಕುವ ಪ್ರಿಫ್ಲೈಟ್ ಹಸಿರು ತೋರಿಸುತ್ತದೆ, ಹಪ್ಪಳದ ಪ್ಯಾಕೆಟ್ಟಿನ ಮೇಲೆ ಉಪ್ಪಿನಕಾಯಿಯ ಚಿತ್ರ ಕೂತಿರುತ್ತದೆ. ಒಂದೊಂದೇ ಕೆಲಸದ ಫೋಲ್ಡರಿಗೆ ಮಾತ್ರ ರಿಲಿಂಕ್ ಮಾಡಬೇಕು. ನಂತರ ಹೊಸ ಪಿಡಿಎಫ್ ತೆಗೆದು, ಹಿಂದೆ ಪ್ರೆಸ್‌ಗೆ ಹೋದ ಪಿಡಿಎಫ್ ಪಕ್ಕದಲ್ಲಿಟ್ಟು ಪುಟ ಪುಟ ನೋಡಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ಜಾಗ ಉಳಿಸಲು ಸಿಂಕ್ ಸೇವೆಗಳು ಫೈಲನ್ನು ‘ಆನ್‌ಲೈನ್ ಮಾತ್ರ’ ಮಾಡಿಡುತ್ತವೆ. ಹೆಸರು, ಐಕಾನ್ ಇರುತ್ತದೆ, ಒಳಗೆ ಏನೂ ಇರುವುದಿಲ್ಲ. ಇನ್‌ಡಿಸೈನ್ ತೆರೆದ ಕ್ಷಣ 640 ಲಿಂಕ್‌ಗಳು ಒಂದೊಂದಾಗಿ ಇಳಿಯಲು ಶುರುವಾಗಿ ಪ್ರೋಗ್ರಾಂ ನಿಂತೇ ಹೋದಂತೆ ಕಾಣುತ್ತದೆ. ಬಲವಂತವಾಗಿ ಮುಚ್ಚಿದರೆ ಡಾಕ್ಯುಮೆಂಟ್ ಕೆಡಬಹುದು. ಕೆಲಸಕ್ಕೆ ಕೂರುವ ಮುನ್ನ ಇಡೀ ಫೋಲ್ಡರನ್ನು ‘ಆಫ್‌ಲೈನ್‌ನಲ್ಲೂ ಇರಲಿ’ ಎಂದು ಗುರುತಿಸಿ, ಎಲ್ಲ ಇಳಿದ ಮೇಲೆ ತೆರೆಯಬೇಕು. ‘ಡಾಕ್ಯುಮೆಂಟ್ ಫಾಂಟ್ಸ್’ ಫೋಲ್ಡರ್ ಕೂಡ ಹಾಗೇ. ನುಡಿ, ಶ್ರೀಲಿಪಿ ಕಾಲದ ಆಸ್ಕಿ ಫಾಂಟ್ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ರೂಪ ಕೂರಿಸಿದ ಹಳೆಯ ಫಾಂಟ್) ಇಳಿಯದಿದ್ದರೆ ಕನ್ನಡ ಪಠ್ಯದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಎದುರಾಗುತ್ತದೆ. ಹೊಸಬರು ಫೈಲೇ ಹಾಳಾಯಿತೆಂದು ಗಾಬರಿಯಾಗುತ್ತಾರೆ. ಇದೇ ಖಾಲಿ ಐಕಾನ್‌ಗಳ ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ಬ್ಯಾಕಪ್ ಮಾಡಿ ನೆಮ್ಮದಿಯಾಗಿರುವವರೂ ಇದ್ದಾರೆ. ಬ್ಯಾಕಪ್ ತೆಗೆಯುವ ಮ್ಯಾಕ್ ಒಂದನ್ನು ಗೊತ್ತುಮಾಡಿ, ಅದರಲ್ಲಿ ಎಲ್ಲವನ್ನೂ ಆಫ್‌ಲೈನ್ ಇಟ್ಟು, 4 ಟಿಬಿ ಎಸ್‌ಎಸ್‌ಡಿ ಇರುವ ಯಂತ್ರವಾದರೆ ಒಳ್ಳೆಯದು, ಅಲ್ಲಿಂದ ರಾತ್ರಿ ಬಿ2ಗೆ ನಕಲು ಕಳಿಸಬೇಕು.

ಇಬ್ಬರು ಒಂದೇ ಡಾಕ್ಯುಮೆಂಟ್ ತೆರೆಯುವುದನ್ನು ಕ್ಲೌಡ್ ತಡೆಯುವುದಿಲ್ಲ. ಇನ್‌ಡಿಸೈನ್ ತೆರೆದಾಗ ಪಕ್ಕದಲ್ಲೊಂದು ಬೀಗದ ಫೈಲು ಹುಟ್ಟುತ್ತದೆ, ಆದರೆ ಅದು ಹುಬ್ಬಳ್ಳಿ ತಲುಪುವಷ್ಟರಲ್ಲಿ ಅಲ್ಲಿಯವರು ತೆರೆದಾಗಿರುತ್ತದೆ. ಫಲ, ‘ಕಾನ್‌ಫ್ಲಿಕ್ಟೆಡ್ ಕಾಪಿ’ ಎಂಬ ಹೆಸರಿನ ಎರಡನೆಯ ಫೈಲು. ಅದನ್ನು ಅಳಿಸುವ ಮುನ್ನ ಯಾರದ್ದು ಹೊಸದೆಂದು ನೋಡಲೇಬೇಕು. 212 ಪುಟದ ಪುಸ್ತಕವನ್ನು ಇನ್‌ಡಿಸೈನ್‌ನ ‘ಬುಕ್’ ವ್ಯವಸ್ಥೆಯಲ್ಲಿ ಒಂಬತ್ತು ಅಧ್ಯಾಯಗಳಾಗಿ ಒಡೆದು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರೆ ಈ ಜಗಳ ಮುಗಿಯುತ್ತದೆ. ವಿಂಡೋಸ್‌ನ ಎರಡು ಯಂತ್ರಗಳಲ್ಲಿ ಇನ್‌ಡಿಸೈನ್ ತೆರೆಯಲೇಬಾರದು ಎಂಬುದು ನಿಯಮ. ಅವುಗಳ ವಿಳಾಸ ಯಾವತ್ತೂ ಮ್ಯಾಕ್‌ನದಕ್ಕೆ ಹೊಂದುವುದಿಲ್ಲ.

ಫೋಲ್ಡರನ್ನು ಯಾರಾದರೂ ಡೆಸ್ಕ್‌ಟಾಪ್‌ಗೆ ಎಳೆದು ‘ನನ್ನ ಹತ್ರ ಒಂದು ಕಾಪಿ’ ಎಂದುಕೊಂಡರೆ ಉಳಿದ ಏಳು ಜನರ ಯಂತ್ರದಿಂದ ಅದು ಮಾಯವಾಗುತ್ತದೆ. ಸಿಂಕ್ ಅಳಿಸುವಿಕೆಯನ್ನೂ ಅಷ್ಟೇ ನಿಷ್ಠೆಯಿಂದ ಹಂಚುತ್ತದೆ. 180 ದಿನದೊಳಗೆ ‘ರಿವೈಂಡ್’ ಮಾಡಿ ಇಡೀ ಫೋಲ್ಡರನ್ನು ಹಿಂದಿನ ಗಳಿಗೆಗೆ ಒಯ್ಯಬಹುದು. ಆದರೆ ಆ ಗಳಿಗೆಯ ನಂತರ ಅದೇ ಫೋಲ್ಡರಿನಲ್ಲಿ ಬೇರೆಯವರು ಮಾಡಿದ ತಿದ್ದುಪಡಿಯೂ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಮೊದಲು ಎಲ್ಲರ ಕೈ ನಿಲ್ಲಿಸಿ, ಆಮೇಲೆ ರಿವೈಂಡ್.

ಮುಗಿದ ಕೆಲಸ ಬಿ2ಗೆ ಹೋಗುವ ಕ್ರಮ

ಬಿಲ್ ಆಗಿ 90 ದಿನ ಕಳೆದ ಕೆಲಸವನ್ನು ಇನ್‌ಡಿಸೈನ್‌ನಲ್ಲಿ ಪ್ಯಾಕೇಜ್ ಮಾಡಿ, ಇಡೀ ಫೋಲ್ಡರನ್ನು ಒಂದು ಜಿಪ್ ಮಾಡಿ ಬಿ2ಗೆ ಕಳಿಸಿ, ಚೆಕ್ ಆದ ಮೇಲೆ ಡ್ರಾಪ್‌ಬಾಕ್ಸ್‌ನಿಂದ ತೆಗೆಯಲಾಗುತ್ತದೆ. ಅಲ್ಲಿ ಉಳಿಯುವುದು ಪ್ರೆಸ್‌ಗೆ ಹೋದ ಪಿಡಿಎಫ್ ಮತ್ತು ಮುಖಚಿತ್ರದ ಒಂದು ಸಣ್ಣ ಜೆಪೆಗ್. ಜಿಪ್‌ನೊಳಗೆ ಏನಿದೆಯೆಂದು ಮೂರು ವರ್ಷದ ನಂತರ ಯಾರಿಗೂ ನೆನಪಿರುವುದಿಲ್ಲ, ಆ ಜೆಪೆಗ್ ಇಲ್ಲದಿದ್ದರೆ ಹುಡುಕುವುದೇ ಆಗುವುದಿಲ್ಲ. ಬಿ2ನ ಬಕೆಟ್‌ಗೆ (ಅಲ್ಲಿ ಫೈಲುಗಳನ್ನಿಡುವ ದೊಡ್ಡ ಫೋಲ್ಡರಿನಂಥದ್ದು) ಆಬ್ಜೆಕ್ಟ್ ಲಾಕ್ ಹಾಕಿ ಒಂದು ವರ್ಷದ ಅವಧಿ ಇಟ್ಟರೆ ರ‍್ಯಾನ್ಸಮ್‌ವೇರ್ ಆಗಲಿ, ಮುನಿಸಿಕೊಂಡು ಹೊರಟವರಾಗಲಿ ಅಳಿಸಲಾರರು. ಕಂಪ್ಲಯನ್ಸ್ ಬಗೆಯ ಲಾಕ್ ಹಾಕಿದರೆ ಮಾಲೀಕರಿಗೂ ಅಳಿಸಲು ಬರುವುದಿಲ್ಲ, ಬಾಡಿಗೆ ಓಡುತ್ತಿರುತ್ತದೆ. ಕಸ ತೆಗೆಯದೆ ಲಾಕ್ ಹಾಕಬಾರದು. ಆರ್‌ಕ್ಲೋನ್‌ನ ಎನ್‌ಕ್ರಿಪ್ಷನ್ ಬಳಸುವುದಾದರೆ ಅದರ ಪಾಸ್‌ವರ್ಡ್ ಕಾಗದದ ಮೇಲೆ ಬರೆದು ಎರಡು ಮನೆಗಳಲ್ಲಿ ಇರಬೇಕು. ಕಳೆದರೆ 5.2 ಟಿಬಿಯೂ ಕಳೆದಂತೆ.

ಮಾಲೀಕರ ಜಿಮೇಲ್‌ನಲ್ಲಿದ್ದ 2 ಟಿಬಿಯ ಪ್ಲಾನನ್ನು ಚೆಕ್ ಮುಗಿದ ಮರುದಿನವೇ ರದ್ದು ಮಾಡದೆ ಮೂರು ತಿಂಗಳು ಉಳಿಸಿಕೊಳ್ಳಲಾಯಿತು. ಕ್ಲೈಂಟ್‌ಗಳ ಕೈಯಲ್ಲಿ ಅಲ್ಲಿನ ಹಳೆಯ ಶೇರ್ ಲಿಂಕ್‌ಗಳಿದ್ದವು. ಹೊಸ ಖಾತೆಯಿಂದ ಹೊರಗೆ ಕೊಡುವುದು ‘ಕಳಿಸಿದ್ದು’ ಎಂಬ ಒಂದೇ ಫೋಲ್ಡರಿನಿಂದ, ಪಾಸ್‌ವರ್ಡ್ ಮತ್ತು ಮೂವತ್ತು ದಿನದ ಗಡುವಿನೊಂದಿಗೆ. ಕೆಲಸದ ಫೋಲ್ಡರನ್ನು ಕ್ಲೈಂಟ್‌ಗೆ ತೆರೆದುಕೊಟ್ಟರೆ ಅವರು ಕಣ್ಣೆದುರಿಗೇ ಕಚ್ಚಾ ಲೇಔಟ್ ನೋಡಿ ಫೋನ್ ಮಾಡುತ್ತಾರೆ. ಆಡಳಿತದ ಹಕ್ಕು ಇಬ್ಬರಿಗೆ, ಎರಡು ಬೇರೆ ಫೋನ್ ನಂಬರುಗಳಿಗೆ ಒಟಿಪಿ.

ಮೂರು ತಿಂಗಳಿಗೊಮ್ಮೆ ಹಳೆಯ ಕೆಲಸಗಳ ಪಟ್ಟಿಯಿಂದ ಕಣ್ಣುಮುಚ್ಚಿ ಮೂರನ್ನು ಆರಿಸಿ ಬಿ2ನಿಂದ ಇಳಿಸಬೇಕು. ಜಿಪ್ ಬಿಚ್ಚಿ, ಆ ಕೆಲಸ ಮಾಡದಿದ್ದ ಡಿಸೈನರ್ ಒಬ್ಬರ ಮ್ಯಾಕ್‌ನಲ್ಲಿ ತೆರೆದು, ಒಂದೂ ಲಿಂಕ್ ಕೆಂಪಿಲ್ಲದೆ, ಒಂದೂ ಫಾಂಟ್ ಬದಲಾಗದೆ ಪಿಡಿಎಫ್ ಬಂದರೆ ಆಯಿತು. ಮೊದಲ ಸಲ ಸಾಮಾನ್ಯವಾಗಿ ಮೂರರಲ್ಲೊಂದು ಬರುವುದಿಲ್ಲ. ಪ್ಯಾಕೇಜ್ ಮಾಡದೆ ಜಿಪ್ ಮಾಡಿದ್ದು, ಲೋಗೊ ಸಾಮಗ್ರಿ ಫೋಲ್ಡರಿನಲ್ಲೇ ಉಳಿದದ್ದು. ಆ ತ್ರೈಮಾಸಿಕದ ಎಲ್ಲ ಜಿಪ್‌ಗಳನ್ನೂ ಆಗ ಮತ್ತೊಮ್ಮೆ ಬಿಚ್ಚಿ ನೋಡಬೇಕಾಗುತ್ತದೆ.